ಮಗುವಿನ ಕಪ್ಪು ಬಿಳುಪು ಫೋಟೊ ಪೂರ್ತಿ ಬೂದು ಬೂದಾಗಿ ಬರ್ತಿದೆ, ಎಲ್ಲಿ ಸರಿ ಮಾಡಲಿ?

ಹೊಸಕಣ್ಣು:

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಹಿಡಿಯೋದು ಈಗಷ್ಟೇ ಕಲಿಯುತ್ತಿದ್ದೇನೆ, ಪ್ರಶ್ನೆ ತೀರಾ ಸಣ್ಣದು ಅನ್ನಿಸಿದರೆ ಬೇಜಾರು ಮಾಡ್ಕೋಬೇಡಿ. ಅಕ್ಕನ ಮಗಳಿಗೆ ಈಗ ಎರಡು ತಿಂಗಳು. ಅವಳದೊಂದು ಚೆಂದದ ಕಪ್ಪು ಬಿಳುಪು ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕು ಅಂತ ಆಸೆ. ನನ್ನ ಹತ್ತಿರ ಇರೋದು ಕ್ರಾಪ್ ಸೆನ್ಸರಿನ (ಅಂದ್ರೆ ಸಣ್ಣ ಸೆನ್ಸರಿನ) ಒಂದು ಹಳೇ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಕಿಟ್ ಲೆನ್ಸು, ಒಂದು 50 ಎಂಎಂ ಎಫ್ 1.8.

ಸಮಸ್ಯೆ ಏನಂದ್ರೆ, ಬಣ್ಣದಲ್ಲಿ ಪರವಾಗಿಲ್ಲ ಅನ್ನಿಸುವ ಫೋಟೊ ಕೂಡ ಸ್ಯಾಚುರೇಷನ್ (ಬಣ್ಣದ ತೀವ್ರತೆ) ಸೊನ್ನೆಗೆ ಇಳಿಸಿದ ತಕ್ಷಣ ಜೀವ ಕಳೆದುಕೊಳ್ಳುತ್ತದೆ. ಮುಖ, ಹೊದಿಕೆ, ಗೋಡೆ ಎಲ್ಲಾ ಒಂದೇ ಬೂದು. ಕಾಂಟ್ರಾಸ್ಟ್ ಏರಿಸಿದರೆ ಕೆನ್ನೆ ಮೇಲಿನ ಕೆಂಪು ಕಲೆಗಳು ಕೊಳೆ ಮೆತ್ತಿದ ಹಾಗೆ ಕಪ್ಪಾಗಿ ಎದ್ದು ಬರುತ್ತವೆ. ಹೊದಿಕೆಯ ಅಂಚು ಪೂರ್ತಿ ಬಿಳಿ ಆಗಿ ಅಲ್ಲಿ ಏನೂ ಕಾಣೋದೇ ಇಲ್ಲ. ಎರಡು ಫೋಟೊ ಹಾಕಿದ್ದೇನೆ, ನೋಡಿ.

ಕ್ಯಾಮೆರಾದಲ್ಲೇ ಮೊನೊಕ್ರೋಮ್ ಮೋಡ್ ಇಟ್ಟು ತೆಗೆಯಬೇಕಾ, ಆಮೇಲೆ ಕಂಪ್ಯೂಟರಿನಲ್ಲಿ ಬದಲಾಯಿಸಬೇಕಾ? ಯಾವ ಸಾಫ್ಟ್‌ವೇರ್ ಸಾಕು? ತಪ್ಪು ತೆಗೆಯೋದರಲ್ಲಿ ಇದೆಯೋ ಎಡಿಟ್ ಮಾಡೋದರಲ್ಲಿ ಇದೆಯೋ, ಅದೇ ಗೊತ್ತಾಗ್ತಿಲ್ಲ.

ಕಿಟಕಿಪಕ್ಕ:

ಎರಡೂ ಫೋಟೊ ನೋಡಿದೆ. ಎಡಿಟಿಂಗ್ ಮಾತು ಆಮೇಲೆ. ಮೊದಲು ಬೆಳಕು.

ನಿಮ್ಮ ಮೊದಲ ಫೋಟೊದಲ್ಲಿ ಮಗು ಕೋಣೆಯ ಮಧ್ಯದ ಮಂಚದ ಮೇಲಿದೆ, ತಲೆ ಮೇಲೆ ದೀಪ ಉರಿಯುತ್ತಿದೆ, ಪಕ್ಕದಲ್ಲೆಲ್ಲೋ ದೂರದಲ್ಲಿ ಕಿಟಕಿ ಇದೆ. ಬೆಳಕು ಎಲ್ಲಾ ಕಡೆಯಿಂದ ಸಮನಾಗಿ ಬಿದ್ದಿದೆ. ಬಣ್ಣ ಇದ್ದಾಗ ಅದು ತೊಂದರೆ ಕೊಡಲ್ಲ, ಯಾಕಂದ್ರೆ ಗುಲಾಬಿ ಕೆನ್ನೆಯನ್ನೂ ತಿಳಿ ನೀಲಿ ಹೊದಿಕೆಯನ್ನೂ ಬಣ್ಣವೇ ಬೇರೆ ಮಾಡಿ ತೋರಿಸುತ್ತದೆ. ಬಣ್ಣ ತೆಗೆದ ಮೇಲೆ ಬೇರೆ ಮಾಡೋಕೆ ಉಳಿಯೋದು ಬೆಳಕು ಮತ್ತು ನೆರಳು ಮಾತ್ರ. ಅದನ್ನು ತೆಗೆಯುವಾಗಲೇ ತರಬೇಕು, ಸ್ಲೈಡರ್ ಎಳೆದು ತರೋಕೆ ಆಗಲ್ಲ.

ಹಾಗಾಗಿ ಕೋಣೆಯ ದೀಪ ಎಲ್ಲಾ ಆರಿಸಿ. ನೇರ ಬಿಸಿಲು ಬೀಳದ ಒಂದು ಕಿಟಕಿ ಹುಡುಕಿ. ಬಿಸಿಲು ಬೀಳುತ್ತಿದ್ದರೆ ತೆಳು ಬಿಳಿ ಪರದೆ ಎಳೆಯಿರಿ, ಅಷ್ಟಕ್ಕೇ ಬೆಳಕು ಮೆತ್ತಗಾಗುತ್ತದೆ. ಮಗುವನ್ನು ಕಿಟಕಿಯಿಂದ ಒಂದು ಮೀಟರಿನಷ್ಟು ದೂರದಲ್ಲಿ ಮಲಗಿಸಿ. ಈಗ ಮುಖ್ಯವಾದ ವಿಷಯ: ಬೆಳಕು ತಲೆ ಕಡೆಯಿಂದ ಓರೆಯಾಗಿ ಬಂದು ಗಲ್ಲದ ಕಡೆಗೆ ಇಳಿಯಬೇಕು. ಮೂಗಿನ ನೆರಳು ನೋಡಿ. ಅದು ತುಟಿಯ ಕಡೆಗೆ ಓರೆಯಾಗಿ ಬಿದ್ದಿದ್ದರೆ ಸರಿ. ಹಣೆ ಕಡೆಗೆ ಮೇಲೆ ಹೋಗಿದ್ದರೆ ಮಗು ತಿರುಗು ಮುರುಗಾಗಿದೆ ಅಂತ ಅರ್ಥ, ಕಾಲ ಕಡೆಯಿಂದ ಬೆಳಕು ಬರುತ್ತಿದೆ, ಎಂಥಾ ಮುದ್ದು ಮುಖವೂ ವಿಚಿತ್ರವಾಗಿ ಕಾಣುತ್ತದೆ. ನಿಮ್ಮ ಎರಡನೇ ಫೋಟೊದಲ್ಲಿ ಆಗಿರೋದು ಇದೇ. ಮಂಚ ತಿರುಗಿಸೋದು ಬೇಡ, ಮಗುವಿನ ತಲೆ ದಿಕ್ಕು ಬದಲಾಯಿಸಿದರೆ ಸಾಕು.

ಕಿಟಕಿಗೆ ತೀರಾ ಹತ್ತಿರ ಹೋದರೆ ಒಂದು ಕೆನ್ನೆಗೆ ಬೆಳಕು ಜಾಸ್ತಿ, ಇನ್ನೊಂದು ಕೆನ್ನೆ ಕತ್ತಲು. ಸ್ವಲ್ಪ ಹಿಂದೆ ಬಂದರೆ ವ್ಯತ್ಯಾಸ ಕಮ್ಮಿ ಆಗುತ್ತದೆ, ಆದರೆ ಒಟ್ಟು ಬೆಳಕೂ ಕಮ್ಮಿ. ಕತ್ತಲಾದ ಕಡೆ ಒಂದು ಬಿಳಿ ಬಟ್ಟೆಯನ್ನೋ ಥರ್ಮೊಕೋಲ್ ಹಾಳೆಯನ್ನೋ ನಿಲ್ಲಿಸಿ, ನೆರಳು ತಿಳಿಯಾಗುತ್ತದೆ. ನೆರಳು ಇನ್ನೂ ಗಾಢವಾಗಿ ಬೇಕು ಅಂದ್ರೆ ಅದೇ ಜಾಗದಲ್ಲಿ ಕಪ್ಪು ಬಟ್ಟೆ ಹಿಡಿಯಿರಿ. ಈ ಎರಡು ಬಟ್ಟೆ ಇದ್ದರೆ ಸದ್ಯಕ್ಕೆ ಬೇರೆ ಸಾಮಾನು ಏನೂ ಬೇಡ.

ರಾಫೈಲು:

ಮೇಲೆ ಹೇಳಿದ್ದು ಸರಿ. ಮೊನೊಕ್ರೋಮ್ ಮೋಡ್ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ.

ಎರಡೂ ಮಾಡಿ. ಫೈಲ್ ಬಗೆಯನ್ನು ರಾ (ಸೆನ್ಸರ್ ಕಂಡದ್ದನ್ನೆಲ್ಲ ಇಟ್ಟುಕೊಳ್ಳುವ ಫೈಲು) ಮತ್ತು ಜೆಪೆಗ್ (ಕ್ಯಾಮೆರಾ ತಾನೇ ಸಿದ್ಧ ಮಾಡಿ ಕೊಡುವ ಫೋಟೊ) ಎರಡಕ್ಕೂ ಇಡಿ, ಪಿಕ್ಚರ್ ಸ್ಟೈಲನ್ನು ಮೊನೊಕ್ರೋಮ್‌ಗೆ ಇಡಿ. ಆಗ ಹಿಂದಿನ ಪರದೆಯಲ್ಲಿ ಕಪ್ಪು ಬಿಳುಪೇ ಕಾಣುತ್ತದೆ, ನೆರಳು ಎಲ್ಲಿ ಬಿದ್ದಿದೆ ಅಂತ ಕಣ್ಣು ಬೇಗ ಕಲಿಯುತ್ತದೆ. ರಾ ಫೈಲಿನಲ್ಲಿ ಮಾತ್ರ ಬಣ್ಣ ಪೂರ್ತಿ ಉಳಿದಿರುತ್ತದೆ. ನಿಮ್ಮದು ಡಿಎಸ್‌ಎಲ್‌ಆರ್ ಆದ್ದರಿಂದ ವ್ಯೂಫೈಂಡರಿನಲ್ಲಿ ನೋಡಿದರೆ ಬಣ್ಣವೇ ಕಾಣುತ್ತದೆ, ಅದು ಬರೀ ಕನ್ನಡಿ ಮತ್ತು ಗಾಜು. ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೋಡಿ ತೆಗೆಯೋದು) ಹಾಕಿದರೆ ತೆಗೆಯುವ ಮೊದಲೇ ಕಪ್ಪು ಬಿಳುಪು ನೋಡಬಹುದು.

ಇನ್ನೊಂದು, ರಾ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದಾಗ ಬಣ್ಣ ವಾಪಸ್ ಬರಬಹುದು. ಗಾಬರಿ ಆಗಬೇಡಿ, ಏನೂ ಕೆಟ್ಟಿಲ್ಲ. ಕ್ಯಾಮೆರಾದ ಮೊನೊಕ್ರೋಮ್ ಅನ್ನೋದು ರಾ ಮೇಲೆ ಅಂಟಿಸಿದ ಒಂದು ಸೂಚನೆ ಅಷ್ಟೇ, ಕೆಲವು ಸಾಫ್ಟ್‌ವೇರ್ ಅದನ್ನು ಓದುತ್ತವೆ, ಕೆಲವು ಓದಲ್ಲ.

ಬರೀ ಜೆಪೆಗ್ ಮೊನೊಕ್ರೋಮ್ ಇಟ್ಟು ತೆಗೆದರೆ ಬಣ್ಣ ಹೋಯಿತು ಅಂದ್ರೆ ಹೋಯಿತು. ನಿಮ್ಮ ಕೆಂಪು ಕಲೆ ಸಮಸ್ಯೆಗೆ ಔಷಧ ಇರೋದು ಆ ಬಣ್ಣದಲ್ಲೇ. ಆಮೇಲೆ ಬರೀತೀನಿ, ಈಗ ಸ್ವಲ್ಪ ಕೆಲಸ ಇದೆ.

ಮೊಬೈಲ್‌ಸಾಕು:

ಇಷ್ಟೆಲ್ಲಾ ಯಾಕೆ ಅಣ್ಣ, ಈಗಿನ ಫೋನುಗಳಲ್ಲೇ ಒಂದು ಒತ್ತಿದರೆ ಕಪ್ಪು ಬಿಳುಪು ಬರುತ್ತಲ್ಲ. ಸುಮ್ನೆ ಹೊಸಬರನ್ನು ಹೆದರಿಸ್ತಿದ್ದೀರ.

ಕಿಟಕಿಪಕ್ಕ:

ಫೋನಿನಲ್ಲೂ ಚೆನ್ನಾಗಿ ಬರುತ್ತದೆ, ಯಾರು ಬೇಡ ಅಂದ್ರು? ಆದರೆ ಕಿಟಕಿ ವಿಷಯ ಫೋನಿಗೂ ಅಷ್ಟೇ ಅನ್ವಯ. ಫೋನಿನಲ್ಲಿ ತೆಗೆಯುವವರು ಎರಡು ವಿಷಯ ನೋಡ್ಕೊಳ್ಳಿ. ವೈಡ್ ಲೆನ್ಸಿನಲ್ಲಿ ಮಗುವಿನ ಮುಖದ ಹತ್ತಿರ ಹೋಗಬೇಡಿ, ಹಣೆ ಮತ್ತು ಮೂಗು ಊದಿಕೊಂಡ ಹಾಗೆ ಬರುತ್ತದೆ. ಸ್ವಲ್ಪ ಹಿಂದೆ ಸರಿದು 2 ಎಕ್ಸ್ ಬಳಸಿ. ಆಮೇಲೆ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಪೋರ್ಟ್ರೇಟ್ ಮೋಡ್ ಮಗುವಿನ ತೆಳು ಕೂದಲನ್ನು ಎಷ್ಟೋ ಸಲ ಗೋಡೆ ಅಂದುಕೊಂಡು ಮಸುಕು ಮಾಡಿಬಿಡುತ್ತದೆ. ಅದಿಲ್ಲದೆಯೂ ಒಂದು ತೆಗೆದಿಡಿ.

ಕತ್ತಲಕೋಣೆ:

ಫಿಲ್ಮ್ ಕಾಲದಿಂದ ಕಪ್ಪು ಬಿಳುಪು ತೆಗೆಯುತ್ತಿರುವವನು ನಾನು. ಹೊಸಕಣ್ಣು ಅವರೇ, ನಿಮ್ಮ ಫೋಟೊ ಬೂದಾಗಿರೋದಕ್ಕೆ ಇನ್ನೊಂದು ಕಾರಣ ಇದೆ, ಅದು ನಿಮ್ಮ ಮೀಟರ್, ಅಂದ್ರೆ ಬೆಳಕು ಅಳೆಯುವ ಭಾಗ.

ಕ್ಯಾಮೆರಾ ಒಳಗಿನ ಮೀಟರಿಗೆ ಎದುರಿಗಿರೋದು ಮಗುವೋ ಹೊದಿಕೆಯೋ ಗೊತ್ತಿಲ್ಲ. ಏನು ತೋರಿಸಿದರೂ ಅದನ್ನು ನಡುಬೂದು ಮಾಡಬೇಕು ಅಂತಲೇ ಅದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬಾ ಬಿಳಿ ಹೊದಿಕೆ ಇಟ್ಟರೆ ಅದನ್ನೂ ಬೂದು ಮಾಡುತ್ತದೆ, ಜೊತೆಗೆ ಮಗುವಿನ ಮುಖ ಇನ್ನೂ ಕಪ್ಪಾಗುತ್ತದೆ. ಬಿಳಿ ಹೊದಿಕೆ ಇದ್ದಾಗ ಎಕ್ಸ್‌ಪೋಶರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಅನ್ನು +2/3ರಿಂದ +1ರವರೆಗೆ ಏರಿಸಿ. ಗಾಢ ಶಾಲು ಇದ್ದಾಗ ಅಷ್ಟೇ ಇಳಿಸಿ. ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ತೋರಿಸುವ ನಕ್ಷೆ) ನೋಡಿ, ಬಲಗಡೆ ಗೋಡೆಗೆ ಒತ್ತಿಕೊಂಡಿರಬಾರದು. ಬಿಳಿ ಒಮ್ಮೆ ಪೂರ್ತಿ ಸುಟ್ಟುಹೋದರೆ ಅಲ್ಲಿ ವಿವರ ಅನ್ನೋದೇ ಇರಲ್ಲ, ಎಡಿಟ್ ಮಾಡಿ ವಾಪಸ್ ತರೋದು ಏನನ್ನು?

ನಮ್ಮ ಕಾಲದಲ್ಲಿ ಇದಕ್ಕೊಂದು ಶಿಸ್ತು ಇತ್ತು. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ಝೋನ್ ಸಿಸ್ಟಮ್. ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 10, ನಡುಬೂದಿಗೆ 5, ಒಂದೊಂದು ಮೆಟ್ಟಿಲಿಗೂ ಒಂದು ಸ್ಟಾಪ್ ಅಂತರ, ಅಂದ್ರೆ ಬೆಳಕು ದುಪ್ಪಟ್ಟು ಅಥವಾ ಅರ್ಧ. ನೀವು ಅದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಒಂದೇ ಒಂದು ಕೇಳಿಕೊಳ್ಳಿ: ಈ ಮಗುವಿನ ಕೆನ್ನೆ ನಾನು ಎಷ್ಟು ಬೂದಾಗಿ ಕಾಣಬೇಕು ಅಂದುಕೊಂಡಿದ್ದೇನೆ? ತಿಳಿ ಬಣ್ಣದ ಕೆನ್ನೆ ಆದರೆ 6ರ ಹತ್ತಿರ, ಕಪ್ಪು ಮೈಬಣ್ಣದ ಮಗು ಆದರೆ 5 ಅಥವಾ ಅದಕ್ಕೂ ಕೆಳಗೆ. ಕಪ್ಪು ಮಗುವನ್ನು ಎಡಿಟ್ ಮಾಡಿ ಬೆಳ್ಳಗೆ ಮಾಡುವ ಚಾಳಿ ನನಗೆ ಹಿಡಿಸಲ್ಲ. ಮಗುವಿನ ಬಣ್ಣ ಮಗುವಿನದ್ದು. ಗಾಢ ಮೈಬಣ್ಣದ ಮೇಲೆ ಕಿಟಕಿ ಬೆಳಕಿನ ಹೊಳಪು ಬಿದ್ದಾಗ ಕಪ್ಪು ಬಿಳುಪಿನಲ್ಲಿ ಅದಕ್ಕಿಂತ ಚೆಂದ ಇನ್ನೊಂದಿಲ್ಲ, ಅದನ್ನು ತಿಳಿಗೊಳಿಸಿದರೆ ಮೊದಲು ಹೋಗೋದು ಆ ಹೊಳಪೇ.

ಹೊಸಕಣ್ಣು:

ಅಬ್ಬಾ, ಇಷ್ಟೆಲ್ಲಾ ಸಿಗುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಅಪರ್ಚರ್ (ಲೆನ್ಸಿನ ಕಿಂಡಿ, ಆ ಎಫ್ ಸಂಖ್ಯೆ), ಶಟರ್ (ಎಷ್ಟು ಹೊತ್ತು ತೆರೆದಿರಬೇಕು ಅನ್ನೋದು) ಎಷ್ಟು ಇಡಲಿ? ಎಫ್ 1.8 ಇದೆಯಲ್ಲ ಅಂತ ಎಲ್ಲವನ್ನೂ ಅದರಲ್ಲೇ ತೆಗೀತಾ ಇದ್ದೀನಿ. ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು.

ರಾಫೈಲು:

ಹತ್ತಿರದಿಂದ ತೆಗೆದಾಗ ಹಾಗೇ ಆಗೋದು. ನಿಮ್ಮ ಕ್ರಾಪ್ ಸೆನ್ಸರಿನಲ್ಲಿ 50 ಎಂಎಂ ಲೆನ್ಸಿನಿಂದ 60 ಸೆಂಟಿಮೀಟರ್ ದೂರದಲ್ಲಿ ಎಫ್ 1.8 ಇಟ್ಟರೆ ಸ್ಪಷ್ಟವಾಗಿ ಬರೋದು ಸುಮಾರು ಒಂದೇ ಸೆಂಟಿಮೀಟರ್ ಆಳ. ರೆಪ್ಪೆ ಬಂದರೆ ಮೂಗಿನ ತುದಿ ಬರಲ್ಲ. ಎಫ್ 4 ಇಟ್ಟರೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮುಖಕ್ಕೆ ಎಫ್ 2.8ರಿಂದ 4ರ ಒಳಗೆ ಇಡಿ. ಬರೀ ಕಾಲ್ಬೆರಳು, ಮುಷ್ಟಿ, ಕಿವಿ ಇಂಥವು ತೆಗೆಯುವಾಗ ಎಫ್ 2 ಇಟ್ಟು ಆಟ ಆಡಿ. ಇನ್ನೊಂದು ಉಪಾಯ, ಎರಡೂ ಕಣ್ಣು ಲೆನ್ಸಿನಿಂದ ಒಂದೇ ದೂರದಲ್ಲಿ ಇರುವ ಹಾಗೆ ನೀವೇ ವಾಲಿಕೊಳ್ಳಿ. ಮಗುವಂತೂ ವಾಲಲ್ಲ.

ಶಟರ್, ನಿದ್ದೆ ಮಾಡ್ತಿದ್ದರೆ 1/125 ಸೆಕೆಂಡ್ ಸಾಕು. ಎಚ್ಚರ ಇದ್ದರೆ 1/250ಕ್ಕಿಂತ ಕಮ್ಮಿ ಬೇಡ, ಆ ಕೈಕಾಲು ಎಷ್ಟು ಜೋರಾಗಿ ಆಡುತ್ತವೆ ಅಂತ ನಿಮಗೇ ಗೊತ್ತು. ಆಟೊ ಐಎಸ್‌ಒ ಹಾಕಿ, 3200ರ ತನಕ ಹೋಗಲು ಬಿಡಿ (ಅದು ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಅನ್ನೋ ಲೆಕ್ಕ). ಇಲ್ಲಿ ಕಪ್ಪು ಬಿಳುಪಿನ ದೊಡ್ಡ ಅನುಕೂಲ ಇದೆ. ಐಎಸ್‌ಒ ಏರಿದಾಗ ಅಸಹ್ಯವಾಗಿ ಕಾಣೋದು ಬಣ್ಣದ ಚುಕ್ಕೆಗಳು, ಬಣ್ಣ ತೆಗೆದರೆ ಅವೂ ಹೋಗುತ್ತವೆ. ಉಳಿಯೋದು ಬೆಳಕಿನ ಕಾಳು ಕಾಳು ಮಾತ್ರ, ಅದು ಫಿಲ್ಮ್ ಗ್ರೇನ್ ಥರ ಕಾಣುತ್ತದೆ, ಕಣ್ಣಿಗೆ ಚುಚ್ಚಲ್ಲ. ಅಲುಗಾಡಿ ಮಸುಕಾದ ಫೋಟೊಗಿಂತ ಕಾಳು ಕಾಣುವ ಫೋಟೊ ಎಷ್ಟೋ ವಾಸಿ.

ಫೋಕಸನ್ನು ಒಂದೇ ಪಾಯಿಂಟಿಗೆ ಇಟ್ಟು, ಅದನ್ನು ಹತ್ತಿರದ ಕಣ್ಣಿನ ಮೇಲೆ ನಿಲ್ಲಿಸಿ.

ನಿದ್ದೆಗೆಟ್ಟಅಮ್ಮ:

ಇಲ್ಲಿ ಎಲ್ಲರೂ ಐಎಸ್‌ಒ ಬಗ್ಗೆ ಮಾತಾಡ್ತಿದ್ದಾರೆ, ಮಗು ಬಗ್ಗೆ ಯಾರೂ ಹೇಳ್ತಿಲ್ಲ 😄 ನಾನು ಹೇಳ್ತೀನಿ.

ಹಾಲು ಕುಡಿದು, ತೇಗಿ ಆದ ಮೇಲಿನ ಹೊತ್ತು ಹಿಡಿಯಿರಿ. ಹಸಿದ ಮಗುವಿನ ಮುಂದೆ ಯಾವ ಲೆನ್ಸೂ ಕೆಲಸ ಮಾಡಲ್ಲ. ಕೋಣೆ ಬೆಚ್ಚಗಿರಲಿ, ಅದರಲ್ಲೂ ಬರೀ ಮೈಯಲ್ಲಿ ತೆಗೆಯುವುದಾದರೆ. ನೀವು ಬೆವರುತ್ತಿದ್ದೀರಿ ಅಂದ್ರೆ ಮಗುವಿಗೂ ಜಾಸ್ತಿ ಆಗಿರಬಹುದು, ಮುಟ್ಟಿ ನೋಡಿ.

ಹೊಸದಾಗಿ ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣೋದು 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ, ಅಂದ್ರೆ ಎತ್ತಿಕೊಂಡವರ ಮುಖದಷ್ಟು ದೂರ. ಎರಡು ತಿಂಗಳಿಗೆ ಅದಕ್ಕಿಂತ ಸುಮಾರಾಗಿ ಮುಂದೆ ನೋಡುತ್ತೆ, ಆದರೂ ಎದ್ದು ಕಾಣುವ ಮುಖ, ಬೆಳಕು, ಕಪ್ಪು ಬಿಳಿ ಗೆರೆ ಇವುಗಳ ಕಡೆಗೇ ತಿರುಗೋದು. ಅಕ್ಕನನ್ನು ಕಿಟಕಿ ಪಕ್ಕ ನಿಲ್ಲಿಸಿ ಮಾತಾಡಿಸಲು ಹೇಳಿ. ಮಗು ಅವರನ್ನು ನೋಡೋಕೆ ಅಂತ ತಿರುಗಿದಾಗ ಕಣ್ಣಿನಲ್ಲಿ ಕಿಟಕಿಯ ಬಿಳಿ ಚುಕ್ಕೆ ಬರುತ್ತೆ. ಕಪ್ಪು ಬಿಳುಪು ಫೋಟೊದಲ್ಲಿ ಆ ಚುಕ್ಕೆ ಇಲ್ಲದಿದ್ದರೆ ಕಣ್ಣು ಬರೀ ಎರಡು ಕಪ್ಪು ಗುಂಡಿ. ಈ ವಯಸ್ಸಿನಲ್ಲಿ ಕಣ್ಣು ಒಮ್ಮೊಮ್ಮೆ ಓರೆ ಆಗೋದು ಸಹಜ, ಆ ಫೋಟೊ ಬಿಟ್ಟು ಮುಂದಿನದ್ದು ತಗೊಳ್ಳಿ.

ಇನ್ನು ಗಂಭೀರವಾದ ಮಾತು. ಗಲ್ಲದ ಕೆಳಗೆ ಎರಡೂ ಕೈ ಇಟ್ಟುಕೊಂಡು ತಲೆ ಎತ್ತಿ ನಿದ್ದೆ ಮಾಡುವ ಪುಟ್ಟ ಮಗುವಿನ ಫೋಟೊ ನೋಡಿರ್ತೀರಿ. ಅದು ಒಂದು ಫೋಟೊ ಅಲ್ಲ. ಒಂದರಲ್ಲಿ ಒಬ್ಬರು ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಕೈ ಹಿಡಿದಿರುತ್ತಾರೆ, ಆಮೇಲೆ ಎರಡನ್ನೂ ಸೇರಿಸಿ ಹಿಡಿದವರ ಕೈ ಅಳಿಸುತ್ತಾರೆ. ಮನೆಯಲ್ಲಿ ಅದನ್ನು ಮಾಡೋಕೆ ಹೋಗಬೇಡಿ. ಬುಟ್ಟಿ, ಸ್ಟೂಲು, ಎತ್ತರದ ಜಾಗ ಬೇಡ. ನೆಲದ ಮೇಲೆ ದಪ್ಪ ಹಾಸಿಗೆ ಹಾಕಿ, ಪಕ್ಕದಲ್ಲೇ ಒಬ್ಬರು ಕೈಗೆಟುಕುವ ಹಾಗೆ ಕೂತಿರಲಿ. ಹೊಟ್ಟೆ ಮೇಲೆ ಮಲಗಿಸಿ ತೆಗೆದರೆ ತೆಗೆದ ತಕ್ಷಣ ತಿರುಗಿಸಿ, ನಿದ್ದೆ ಬಂತು ಅಂತ ಹಾಗೇ ಬಿಡಬೇಡಿ. ಮಗುವಿನ ಮೇಲೆ ಬಗ್ಗಿ ತೆಗೆಯುವಾಗ ಕ್ಯಾಮೆರಾ ಪಟ್ಟಿ ಕುತ್ತಿಗೆಯಲ್ಲಿ ಇರಲೇಬೇಕು, ಲೆನ್ಸ್ ಕ್ಯಾಪು ಜೇಬಿನಲ್ಲಿ ಇರಲಿ, ಬೀಳೋ ಥರ ನೇತಾಡಬಾರದು.

ಕಡುಕಪ್ಪು:

ಎಲ್ಲಾ ಓದಿದೆ. ನನ್ನ ಅಭಿಪ್ರಾಯ ಬೇರೆ. ಕಪ್ಪು ಬಿಳುಪು ಅಂದ್ರೆ ಕಪ್ಪು ಕಪ್ಪಾಗಿರಬೇಕು, ಬಿಳಿ ಬಿಳಿಯಾಗಿರಬೇಕು. ಹಿನ್ನೆಲೆಗೆ ಕಪ್ಪು ಬಟ್ಟೆ ಹಾಕಿ, ಪಕ್ಕದಿಂದ ಒಂದೇ ಬೆಳಕು, ಉಳಿದದ್ದು ಕತ್ತಲು. ಕಾಂಟ್ರಾಸ್ಟ್ ಗಟ್ಟಿಯಾಗಿ ಏರಿಸಿ. ಬೂದು ಬೂದು ಅಂತ ಅಳೋದೇ ಇರಲ್ಲ.

ಕತ್ತಲಕೋಣೆ:

ದೊಡ್ಡವರ ಮುಖಕ್ಕೆ ಒಪ್ಪುತ್ತೇನೆ. ಸುಕ್ಕು, ಗಡ್ಡ, ಕೆನ್ನೆಮೂಳೆ ಇದ್ದಲ್ಲಿ ಕಡುನೆರಳಿಗೆ ಕೆಲಸ ಇದೆ. ಮಗುವಿನ ಮುಖದಲ್ಲಿ ಇರೋದು ಏನು? ಎಲ್ಲಾ ಗುಂಡಗೆ, ಎಲ್ಲಾ ಮೆತ್ತಗೆ. ಕೆನ್ನೆ ಗುಂಡಗಿದೆ ಅಂತ ಕಣ್ಣಿಗೆ ಗೊತ್ತಾಗೋದು ತಿಳಿಬೂದು ನಿಧಾನವಾಗಿ ನಡುಬೂದಾಗಿ, ಅಲ್ಲಿಂದ ಗಾಢ ಆಗುತ್ತಾ ಹೋಗುವಾಗ. ಆ ನಡುವಿನ ಮೆಟ್ಟಿಲುಗಳನ್ನು ಕಾಂಟ್ರಾಸ್ಟ್ ನುಂಗಿದರೆ ಕೆನ್ನೆ ಚಪ್ಪಟೆ ಕಾಗದ. ಹೊಸಕಣ್ಣು ಅವರ ತೊಂದರೆ ಬೂದು ಜಾಸ್ತಿ ಇದೆ ಅನ್ನೋದಲ್ಲ, ಇರೋದೆಲ್ಲ ಒಂದೇ ಬೂದು ಅನ್ನೋದು. ಬೇಕಾಗಿರೋದು ಹತ್ತು ಥರದ ಬೂದು, ಜೊತೆಗೆ ಎಲ್ಲೋ ಒಂದು ಕಡೆ ನಿಜವಾದ ಕಪ್ಪು. ಕಣ್ಣಿನ ಪಾಪೆ, ಮೂಗಿನ ಹೊಳ್ಳೆ, ಹೊದಿಕೆಯ ಮಡಿಕೆಯ ಒಳಗೆ, ಇಷ್ಟು ಕಡೆ ಕಪ್ಪು ಇದ್ದರೆ ಮುಖ ತಾನಾಗೇ ಎದ್ದು ಬರುತ್ತದೆ.

ಕಡುಕಪ್ಪು:

ಅದು ನಿಮ್ಮ ರುಚಿ. ಮಗುವಿನ ಕೈ ಅಪ್ಪನ ಅಂಗೈಯಲ್ಲಿ ಇಟ್ಟು ಕಪ್ಪು ಹಿನ್ನೆಲೆಯಲ್ಲಿ ತೆಗೆದು ನೋಡಿ, ಆಮೇಲೆ ಹೇಳಿ.

ಕತ್ತಲಕೋಣೆ:

ಅದಕ್ಕೆ ಒಪ್ಪಿದೆ. ಅಲ್ಲಿ ಒರಟು ಕೈ ಇದೆಯಲ್ಲ, ಅದಕ್ಕೇ ಕೆಲಸ ಮಾಡುತ್ತದೆ.

ರಾಫೈಲು:

ವಾಪಸ್ ಬಂದೆ. ಈಗ ಕೆಂಪು ಕಲೆ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಆದರೆ ಇದೊಂದು ಅರ್ಥ ಆದರೆ ಅರ್ಧ ಎಡಿಟಿಂಗ್ ಬಂದ ಹಾಗೆ.

ಫೈಲಿನಲ್ಲಿ ಇರೋದು ಮೂರು ಚಾನಲ್: ಕೆಂಪು, ಹಸಿರು, ನೀಲಿ. ಬಣ್ಣವನ್ನು ಬೂದು ಮಾಡುವಾಗ ಮೂರನ್ನೂ ಬೆರೆಸಬೇಕು, ಯಾವುದು ಎಷ್ಟು ಅನ್ನೋದೇ ಪ್ರಶ್ನೆ. ಬಹಳ ಕಡೆ ಬಳಸುವ ಒಂದು ಲೆಕ್ಕದಲ್ಲಿ ಕೆಂಪಿಗೆ ಸುಮಾರು 30, ಹಸಿರಿಗೆ 59, ನೀಲಿಗೆ 11 ಪರ್ಸೆಂಟ್. ಕಣ್ಣಿಗೆ ಹಸಿರು ಜಾಸ್ತಿ ಪ್ರಕಾಶವಾಗಿ ಕಾಣುತ್ತದೆ ಅನ್ನೋ ಕಾರಣಕ್ಕೆ. ಈಗ ಕೆನ್ನೆ ಮೇಲಿನ ಕೆಂಪು ಕಲೆ ತಗೊಳ್ಳಿ. ಕೆಂಪು ಚಾನಲಿನಲ್ಲಿ ಕಲೆಯೂ ಪಕ್ಕದ ಚರ್ಮವೂ ಹೆಚ್ಚುಕಮ್ಮಿ ಒಂದೇ ಬೆಳಕು. ಹಸಿರಿನಲ್ಲೂ ನೀಲಿಯಲ್ಲೂ ಕಲೆ ಗಾಢ. ಹಸಿರಿಗೆ 59 ಕೊಟ್ಟ ಮೇಲೆ ಕಲೆ ಕಪ್ಪಾಗಿ ಬರದೆ ಇನ್ನೇನು? ಅದರ ಮೇಲೆ ಕಾಂಟ್ರಾಸ್ಟ್ ಏರಿಸಿದರೆ ಇನ್ನೂ ಕಪ್ಪು. ನಿಮಗೆ ಆಗಿದ್ದು ಇಷ್ಟೇ.

ಹಾಗಾಗಿ ಸ್ಯಾಚುರೇಷನ್ ಇಳಿಸೋದು ಬಿಟ್ಟು, ಕಪ್ಪು ಬಿಳುಪು ಮಿಕ್ಸರ್ ಬಳಸಿ. ಲೈಟ್‌ರೂಮ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕಪ್ಪು ಬಿಳುಪು ಆರಿಸಿದ ತಕ್ಷಣ ಬಣ್ಣಬಣ್ಣದ ಸ್ಲೈಡರುಗಳು ಬರುತ್ತವೆ. ಮನುಷ್ಯರ ಚರ್ಮ, ಕಪ್ಪಿರಲಿ ಬಿಳಿ ಇರಲಿ, ಹೆಚ್ಚಾಗಿ ಕಿತ್ತಳೆ ಸ್ಲೈಡರಿನಲ್ಲಿ ಸಿಗುತ್ತದೆ, ಕೆಂಪು ಕಲೆಗಳು ಕೆಂಪು ಸ್ಲೈಡರಿನಲ್ಲಿ. ಕೆಂಪನ್ನು ನಿಧಾನವಾಗಿ ಬಲಕ್ಕೆ ಎಳೆಯಿರಿ, ಕಲೆ ಪಕ್ಕದ ಚರ್ಮದ ಜೊತೆ ಬೆರೆತ ಕ್ಷಣ ನಿಲ್ಲಿಸಿ. ಇನ್ನೂ ಎಳೆದರೆ ತುಟಿ ಮಾಯ. ಕಿತ್ತಳೆಯಿಂದ ಒಟ್ಟು ಚರ್ಮ ಎಷ್ಟು ತಿಳಿ ಇರಬೇಕು ಅಂತ ಹೊಂದಿಸಿ. ಹೊದಿಕೆ ನೀಲಿ ಅಲ್ವಾ? ನೀಲಿ ಸ್ಲೈಡರ್ ಎಡಕ್ಕೆ ಎಳೆದರೆ ಹೊದಿಕೆ ಗಾಢ ಆಗುತ್ತದೆ, ಮುಖ ಬೇರೆ ಆಗಿ ನಿಲ್ಲುತ್ತದೆ. ಇಷ್ಟಕ್ಕೇ ನಿಮ್ಮ ಮೊದಲ ಫೋಟೊ ಸುಮಾರು ಸುಧಾರಿಸುತ್ತದೆ. ಜಾಸ್ತಿ ಎಳೆದರೆ ಆ ಜಾಗದಲ್ಲಿ ಕಾಳು ಎದ್ದು ಬರುತ್ತದೆ, ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. 100 ಪರ್ಸೆಂಟ್ ಹಿಗ್ಗಿಸಿ ನೋಡ್ತಾ ಇರಿ.

ಇದಕ್ಕೆಲ್ಲ ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಹೊಂದಿಸೋದು) ಸರಿ ಮಾಡಿ. ಕಪ್ಪು ಬಿಳುಪಿಗೆ ಅದ್ಯಾಕೆ ಅಂತ ಕೇಳ್ತಾರೆ ಎಲ್ಲರೂ. ಚರ್ಮ ಹಳದಿಗೆ ತಿರುಗಿದ್ದರೆ ಕಿತ್ತಳೆ ಸ್ಲೈಡರ್ ಅದನ್ನು ಹಿಡಿಯಲ್ಲ, ಹಳದಿ ಸ್ಲೈಡರ್ ಹಿಡಿಯುತ್ತದೆ, ನೀವು ತಪ್ಪು ಕಡೆ ಎಳೀತಾ ಕೂತಿರ್ತೀರಿ.

ದುಡ್ಡು ಕೊಡದೆ ಬೇಕು ಅಂದ್ರೆ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ರಾ ಫೈಲ್ ತೆರೆಯುತ್ತವೆ. ಗಿಂಪ್‌ನಲ್ಲಿ ಮೊನೊ ಮಿಕ್ಸರ್ ಅಂತ ಇದೆ, ಅಲ್ಲಿ ಮೂರು ಚಾನಲನ್ನು ನೇರವಾಗಿ ಬೆರೆಸಬಹುದು. ಫೋನಿನಲ್ಲಿ ಸ್ನ್ಯಾಪ್‌ಸೀಡ್ ಸಾಕು, ಕಪ್ಪು ಬಿಳುಪು ವಿಭಾಗದಲ್ಲಿ ಬಣ್ಣದ ಫಿಲ್ಟರ್ ಇದೆ. ಕೆಂಪು ಅಥವಾ ಕಿತ್ತಳೆ ಒತ್ತಿ ನೋಡಿ, ಕಲೆ ಹೋಗುತ್ತದೆ. ನೀಲಿ ಒತ್ತಿ ನೋಡಿ, ಇರೋ ಬರೋ ಚುಕ್ಕೆ ಎಲ್ಲಾ ಎದುರಿಗೆ ಬರುತ್ತದೆ.

ಕತ್ತಲಕೋಣೆ:

ನೀಲಿಯಲ್ಲಿ ಕಾಣುವುದು ಹೆಚ್ಚುಕಮ್ಮಿ ನಮ್ಮ ಹಳೇ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನ ನೋಟ. ಆ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ತುಟಿ ಕಲೆ ಎಲ್ಲಾ ಕಪ್ಪಾಗಿ ಬರುತ್ತಿತ್ತು. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಾಕಿಕೊಂಡೇ ಅದನ್ನು ತೊಳೆಯಬಹುದಿತ್ತು. ಪ್ಯಾನ್‌ಕ್ರೊಮ್ಯಾಟಿಕ್ (ಎಲ್ಲಾ ಬಣ್ಣವೂ ಕಾಣುವ ಫಿಲ್ಮ್) ಬಂದ ಮೇಲೆ ಆ ಸೌಕರ್ಯ ಹೋಯಿತು, ಚರ್ಮ ಮಾತ್ರ ಚೆನ್ನಾಗಿ ಬರತೊಡಗಿತು.

ನಿದ್ದೆಗೆಟ್ಟಅಮ್ಮ:

ಹಳದಿ ಅಂದಾಗ ನೆನಪಾಯ್ತು. ಹುಟ್ಟಿದ ಮೊದಲ ವಾರದಲ್ಲಿ ಬಹಳ ಮಕ್ಕಳಿಗೆ ಕಾಮಾಲೆ ಬರುತ್ತೆ. ಬಣ್ಣದ ಫೋಟೊದಲ್ಲಿ ಅದು ಕಾಣುತ್ತೆ, ಕಪ್ಪು ಬಿಳುಪಿನಲ್ಲಿ ಕಾಣಲ್ಲ, ಅದಕ್ಕೇ ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ತೆಗೆದ ಫೋಟೊಗಳಿಗೆ ಕಪ್ಪು ಬಿಳುಪು ಒಳ್ಳೆ ಉಪಾಯ. ಆದರೆ ಫೋಟೊದಲ್ಲಿ ಹೋಯ್ತು ಅಂತ ಸುಮ್ಮನಾಗಬೇಡಿ, ಮೈ ಅಥವಾ ಕಣ್ಣು ಹಳದಿ ಇದ್ದರೆ ಡಾಕ್ಟರಿಗೆ ತೋರಿಸಿ. ಎರಡು ತಿಂಗಳಾದ ಮೇಲೂ ಹಾಗೆ ಕಂಡರೆ ಅದೇ ದಿನ ತೋರಿಸಿ.

ಮೂಗಿನ ಮೇಲಿನ ಸಣ್ಣ ಬಿಳಿ ಕಾಳು, ಸಿಪ್ಪೆ ಏಳುವ ಚರ್ಮ ಇವನ್ನೆಲ್ಲ ಹೀಲಿಂಗ್ ಬ್ರಶ್ (ಕಲೆ ಅಳಿಸುವ ಸಾಧನ) ಹಿಡಿದು ಉಜ್ಜುವ ಮೊದಲು ಅಕ್ಕನನ್ನು ಕೇಳಿ. ಗೀರು, ಹಾಲಿನ ಕಲೆ ತೆಗೆಯಿರಿ, ಅದು ನಾಳೆ ಇರಲ್ಲ. ಹುಟ್ಟುಮಚ್ಚೆ ಮುಟ್ಟಬೇಡಿ.

ಹೊಸಕಣ್ಣು:

ನೀವೆಲ್ಲ ಹೇಳಿದ ಹಾಗೆ ಮತ್ತೆ ತೆಗೆದೆ, ಕಿಟಕಿ ಪಕ್ಕ, ಬಿಳಿ ಬಟ್ಟೆ ಹಿಡಿದು. ಮೂರನೇ ಫೋಟೊ ನೋಡಿ. ವ್ಯತ್ಯಾಸ ನನಗೇ ಕಾಣ್ತಿದೆ! ಕಲೆ ಹೋಗಿದೆ. ಆದರೆ ತುಟಿಯ ಗೆರೆ ಮಸುಕಾಗಿದೆ, ಚರ್ಮ ಪ್ಲಾಸ್ಟಿಕ್ ಗೊಂಬೆ ಚರ್ಮ ಆಗಿಬಿಟ್ಟಿದೆ. ಕ್ಲಾರಿಟಿಯನ್ನು (ವಿವರ ಎದ್ದು ಕಾಣಿಸುವ ಸ್ಲೈಡರ್) ಮೈನಸ್ 40ಕ್ಕೆ ಇಳಿಸಿದ್ದೇನೆ, ಅದು ಜಾಸ್ತಿ ಆಯ್ತಾ?

ರಾಫೈಲು:

ಬಹಳ ಜಾಸ್ತಿ. ಕ್ಲಾರಿಟಿ ಮೈನಸ್ 5, ಹೆಚ್ಚೆಂದರೆ 10. ನಿಜ ಹೇಳಬೇಕಂದ್ರೆ ಕಿಟಕಿ ಬೆಳಕು ಇಷ್ಟು ಮೆತ್ತಗಿರುವಾಗ ಸೊನ್ನೆಯೇ ಸಾಕು. ಮಗುವಿನ ಚರ್ಮದ ಮೇಲೆ ಸಣ್ಣ ನೂಲಿನಂಥ ರೋಮ ಇರುತ್ತದೆ, ಅದು ಕಾಣಲಿ, ಅದೇ ಚೆಂದ.

ತುಟಿಗೆ, ಕೆಂಪನ್ನು ಸ್ವಲ್ಪ ಹಿಂದೆ ಎಳೆಯಿರಿ. ಕಲೆ ಸ್ವಲ್ಪ ವಾಪಸ್ ಬರುತ್ತೆ, ಬರಲಿ. ಇಲ್ಲಾಂದ್ರೆ ಬ್ರಶ್ ಮಾಸ್ಕ್ ಹಾಕಿ ತುಟಿಯನ್ನು ಮಾತ್ರ ಕಾಲು ಸ್ಟಾಪ್ ಗಾಢ ಮಾಡಿ. ಹಾಗೇ ಕಣ್ಣಿನ ಬಣ್ಣದ ಭಾಗವನ್ನು ಮಾತ್ರ ಕಾಲು ಸ್ಟಾಪ್ ಬೆಳಗಿಸಿ. ಕಣ್ಣಿನ ಬಿಳಿಯನ್ನು ಮುಟ್ಟಬೇಡಿ, ಅದು ಬೆಳಗಿದರೆ ಮಗು ಹೆದರಿಸುವ ಹಾಗೆ ಕಾಣುತ್ತದೆ.

ಕೊನೆಗೆ ಕರ್ವ್, ಅಂದ್ರೆ ಗಾಢ ಭಾಗ ತಿಳಿ ಭಾಗ ಬೇರೆ ಬೇರೆಯಾಗಿ ಹೊಂದಿಸುವ ಗೆರೆ. ಕೆಳಗಿನ ಕಾಲುಭಾಗ ಸ್ವಲ್ಪ ಇಳಿಸಿ, ಮೇಲಿನ ಕಾಲುಭಾಗ ಸ್ವಲ್ಪ ಏರಿಸಿ. ಕಾಂಟ್ರಾಸ್ಟ್ ಸ್ಲೈಡರಿಗಿಂತ ಇದು ಹಿಡಿತಕ್ಕೆ ಸಿಗುತ್ತದೆ, ಯಾಕಂದ್ರೆ ಕೆನ್ನೆ ಇರುವ ನಡುಭಾಗವನ್ನು ಮುಟ್ಟದೆ ಬಿಡಬಹುದು.

ಮೊಬೈಲ್‌ಸಾಕು:

ನಾನೂ ಸ್ನ್ಯಾಪ್‌ಸೀಡಿನಲ್ಲಿ ಕಿತ್ತಳೆ ಫಿಲ್ಟರ್ ಹಾಕಿ ನೋಡಿದೆ. ಒಪ್ಪಿದೆ ಅಣ್ಣ. ಫೋನಿನಲ್ಲೇ ಬಂದ ಕಪ್ಪು ಬಿಳುಪಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಹೊಸಕಣ್ಣು:

ಇನ್ನೊಂದೇ ಪ್ರಶ್ನೆ. 8x10 ಇಂಚು ಪ್ರಿಂಟ್ ಹಾಕಿಸಬೇಕು. ಪರದೆಯಲ್ಲಿ ಕಂಡ ಹಾಗೇ ಬರುತ್ತಾ?

ಕತ್ತಲಕೋಣೆ:

ಬರಲ್ಲ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗಲ್ಲ. ಬಹಳ ಜನರ ಪರದೆ ಬೇಕಾದ್ದಕ್ಕಿಂತ ಪ್ರಕಾಶವಾಗಿ ಇಟ್ಟಿರುತ್ತಾರೆ, ಪ್ರಿಂಟ್ ಕೈಗೆ ಬಂದಾಗ ಕತ್ತಲು. ಪರದೆಯ ಬೆಳಕು ಅರ್ಧಕ್ಕೆ ಇಳಿಸಿ ಒಮ್ಮೆ ನೋಡಿ, ಮುಖ ಮಂಕಾಗಿ ಕಂಡರೆ ಫೋಟೊದ ಬೆಳಕನ್ನು ಅಷ್ಟು ಏರಿಸಿ. 8x10ಕ್ಕೆ ಇಂಚಿಗೆ 300ರ ಲೆಕ್ಕದಲ್ಲಿ 2400x3000 ಪಿಕ್ಸೆಲ್ ಬೇಕು, ಕ್ರಾಪ್ ಮಾಡುವಾಗ ಅದಕ್ಕಿಂತ ಕೆಳಗೆ ಹೋಗದಿದ್ದರೆ ಒಳ್ಳೆಯದು. ಚೌಕಟ್ಟಿನ ಆಕಾರವೂ ಬೇರೆ, ಕ್ಯಾಮೆರಾ ಕೊಡೋದು 3:2, ಇದು 5:4, ಉದ್ದದ ಕಡೆ ಸ್ವಲ್ಪ ಕತ್ತರಿಸಿ ಹೋಗುತ್ತದೆ. ತಲೆ ಮೇಲೆ ಜಾಗ ಬಿಟ್ಟೇ ತೆಗೆಯಿರಿ.

ಮ್ಯಾಟ್ ಕಾಗದ ಕೇಳಿ. ಮಗುವಿನ ಮುಖಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಆದರೆ ಕಪ್ಪು ಗ್ಲಾಸಿಯಷ್ಟು ಗಾಢವಾಗಿ ಬರಲ್ಲ. ಬಣ್ಣದ ಕಾಗದದ ಮೇಲೆ ಕಪ್ಪು ಬಿಳುಪು ಹಾಕಿದಾಗ ಒಮ್ಮೊಮ್ಮೆ ಹಸಿರು ಅಥವಾ ನೇರಳೆ ಛಾಯೆ ಹತ್ತಿಕೊಳ್ಳುತ್ತದೆ. ಅದಕ್ಕೇ ಮೊದಲು ಅದೇ ಕಾಗದದಲ್ಲಿ ಚಿಕ್ಕದೊಂದು ಪ್ರಿಂಟ್ ತೆಗೆಸಿ, ಹಗಲಿನಲ್ಲಿ ಕಿಟಕಿ ಹತ್ತಿರ ಹಿಡಿದು ನೋಡಿ. ಛಾಯೆ ಇದ್ದರೆ ಅವರಿಗೆ ಹೇಳಿ ಸರಿ ಮಾಡಿಸಿ, ಆಮೇಲೆ ದೊಡ್ಡದು.

ನಿದ್ದೆಗೆಟ್ಟಅಮ್ಮ:

ಮತ್ತೆ ಬಣ್ಣದ ಫೈಲು ಅಳಿಸಬೇಡಿ. ಕಪ್ಪು ಬಿಳುಪು ಬೇರೆ ಹೆಸರಿನಲ್ಲಿ ಉಳಿಸಿ, ಬಣ್ಣದ್ದು ಅಕ್ಕನಿಗೆ ಕಳಿಸಿ. ಅಮ್ಮಂದಿರು ಕೇಳೋದು ಅದನ್ನೇ.